24-0-24, ಐದು ಆಂಪ್: ಆಂಪ್ಲಿಫೈಯರ್ ಟ್ರಾನ್ಸ್‌ಫಾರ್ಮರ್ ಕೊಳ್ಳಲು ಸ್ಕೇಲ್ ಹಿಡಿದೇ ಹೋಗಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋಗಿ ‘ಆಂಪ್ಲಿಫೈಯರ್‌ಗೆ 24-0-24, ಐದು ಆಂಪ್ ಕೊಡಿ’ ಅಂದರೂ ಕೌಂಟರ್ ಮೇಲೆ ಒಂದು ಟ್ರಾನ್ಸ್‌ಫಾರ್ಮರ್ ಬಂದು ಕೂರುತ್ತದೆ. ನಾಲ್ಕು ಅಂಗಡಿ ದಾಟಿ ಅದೇ ಮಾತು ಹೇಳಿ ನೋಡಿ, ಇನ್ನೊಂದು ಬರುತ್ತದೆ. ಎರಡರ ಮೇಲೂ ಒಂದೇ ಚೀಟಿ: 24-0-24, 5 ಎ. ಅಂದರೆ ನಡುವಿನ ಸೊನ್ನೆ ತಂತಿಯಿಂದ ಎರಡೂ ಬದಿಗೆ 24 ವೋಲ್ಟ್ ಎಸಿ, ಐದು ಆಂಪ್ ಕರೆಂಟ್. ಆದರೆ ಒಂದರ ತೂಕ ಎರಡು ಕೆಜಿ, ಇನ್ನೊಂದರದ್ದು ನಾಲ್ಕು ಕೆಜಿ ಹತ್ತಿರ. ಅರ್ಧ ಕಬ್ಬಿಣ, ಅರ್ಧ ತಾಮ್ರ ಇಟ್ಟು ಪೂರ್ತಿ ಕರೆಂಟ್ ಕೊಡುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡಿನದ್ದಲ್ಲ. ಈ ಚೀಟಿ ಅಂಟಿಸಿಕೊಂಡು ಮಾರಾಟಕ್ಕೆ ಬರುವ ಬಗೆಗಳದ್ದು: ಅಂಗಡಿಯ ರೆಡಿಮೇಡ್ ಇಐ ಕೋರ್ (E ಮತ್ತು I ಆಕಾರದ ಕಬ್ಬಿಣದ ತಗಡು ಪೇರಿಸಿ ಮಾಡಿದ್ದು), ಹೇಳಿ ಸುತ್ತಿಸಿದ ಇಐ ಕೋರ್, ಮತ್ತು ಉದ್ದಿನ ವಡೆ ಆಕಾರದ ಟೊರಾಯ್ಡ್. ಕೊನೆಯಲ್ಲಿ ಗುಜರಿ ಮಾಲಿನ ಬಗ್ಗೆಯೂ ನಾಲ್ಕು ಮಾತಿದೆ.

ಅಳೆಯುವುದಕ್ಕೆ ಇಟ್ಟುಕೊಂಡ ಕೆಲಸ ಇದು: ಟಿಡಿಎ7294 ಅಥವಾ ಎಲ್‌ಎಂ3886 ಐಸಿಯ ಎರಡು ಚಾನೆಲ್ ಬೋರ್ಡು, 8 ಓಮ್ ಸ್ಪೀಕರ್. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವವರು ಹೆಚ್ಚಾಗಿ ಶುರು ಮಾಡುವುದು ಇಲ್ಲಿಂದಲೇ.

ಮೊದಲು ವೋಲ್ಟೇಜ್ ಲೆಕ್ಕ. ಇದು ತಪ್ಪಿದರೆ ಟ್ರಾನ್ಸ್‌ಫಾರ್ಮರ್ ಎಷ್ಟು ಒಳ್ಳೆಯದಾದರೂ ಐಸಿ ಉಳಿಯುವುದಿಲ್ಲ. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಮತ್ತು ಕೆಪಾಸಿಟರ್ ದಾಟಿದ ಮೇಲೆ ಎಸಿ ವೋಲ್ಟೇಜನ್ನು 1.414ರಿಂದ ಗುಣಿಸಿ, ಡಯೋಡಿಗೆಂದು ಒಂದು ವೋಲ್ಟ್ ಕಳೆಯಬೇಕು. 24-0-24 ಆದರೆ ಪೂರ್ತಿ ಲೋಡಿನಲ್ಲಿ ಪ್ಲಸ್ 33, ಮೈನಸ್ 33. ಲೋಡ್ ಇಲ್ಲದಾಗ ಅದೇ ಸೆಕೆಂಡರಿ (ಔಟ್‌ಪುಟ್ ಕೊಡುವ ಸುತ್ತು) 26 ವೋಲ್ಟ್ ತೋರಿಸುತ್ತದೆ, ಆಗ ಡಿಸಿ ಸುಮಾರು 36. ಅದರ ಮೇಲೆ ಮನೆಯ ಲೈನ್ 230 ಬಿಟ್ಟು 250ಕ್ಕೆ ಏರಿದರೆ 39. ಟಿಡಿಎ7294ಕ್ಕೆ ಕೆಲಸದ ಮಿತಿ ±40, ಸಿಗ್ನಲ್ ಇಲ್ಲದಾಗ ತಡೆಯುವ ಕೊನೆಯ ಮಿತಿ ±50. ಎಲ್‌ಎಂ3886ಕ್ಕೆ ಸಿಗ್ನಲ್ ಇದ್ದಾಗ ±42, ಇಲ್ಲದಾಗ ±47. ಅಂದರೆ 24-0-24 ಎರಡಕ್ಕೂ ಒಳಗೇ ಕೂರುತ್ತದೆ.

‘30-0-30 ಹಾಕಿಕೊಳ್ಳಿ ಸರ್, ವ್ಯಾಟ್ ಜಾಸ್ತಿ ಬರುತ್ತೆ’ ಎನ್ನುವ ಸಲಹೆ ಕೌಂಟರ್ ಆಚೆಯಿಂದ ಬಂದೇ ಬರುತ್ತದೆ. ಅದೇ ಲೆಕ್ಕ ಹಾಕಿ: ಲೋಡಿನಲ್ಲಿ 41, ಲೋಡಿಲ್ಲದೆ 45, ಲೈನ್ 250 ಇದ್ದರೆ 49. ಎಲ್‌ಎಂ3886 ಆಗಲೇ ಗಡಿ ದಾಟಿತು, ಟಿಡಿಎ7294 ಗಡಿಗೆ ಮೂಗು ತಾಗಿಸಿ ನಿಂತಿದೆ. ಹಳ್ಳಿ ಕಡೆ ರಾತ್ರಿ ಪಂಪ್‌ಸೆಟ್ಟೆಲ್ಲ ನಿಂತ ಮೇಲೆ ಲೈನ್ ಏರುವ ಜಾಗಗಳಲ್ಲಿ ‘ಹಾಡೇ ಹಾಕಿರಲಿಲ್ಲ, ಸುಮ್ಮನೆ ಆನ್ ಮಾಡಿದ್ದಕ್ಕೆ ಐಸಿ ಹೋಯ್ತು’ ಎನ್ನುವ ದೂರು ಬರುವುದು ಇದೇ ಕಾರಣಕ್ಕೆ. 4 ಓಮ್ ಸ್ಪೀಕರ್ ಇದ್ದರಂತೂ 24 ಕೂಡ ಜಾಸ್ತಿ, ಐಸಿ ಕುದಿಯುತ್ತದೆ. ಆಗ 20-0-20 ಅಥವಾ 18-0-18 ಸರಿ. ಟಿಡಿಎ7294ರ ಡೇಟಾಶೀಟಿನಲ್ಲೇ 70 ವ್ಯಾಟಿಗೆ 8 ಓಮ್ ಆದರೆ ±35, 4 ಓಮ್ ಆದರೆ ±27 ಎಂದು ಕೊಟ್ಟಿದ್ದಾರೆ.

ಇನ್ನು ಕರೆಂಟ್. ±33ರಲ್ಲಿ 8 ಓಮಿಗೆ ಒಂದು ಚಾನೆಲ್‌ನಿಂದ ಸುಮಾರು 50 ವ್ಯಾಟ್ ಬರುತ್ತದೆ. ಎರಡೂ ಚಾನೆಲ್ ಒಟ್ಟಿಗೆ ಪೂರ್ತಿ ಕೂಗಿದರೆ ಸಪ್ಲೈ ಕೊಡಬೇಕಾದ್ದು 150 ವ್ಯಾಟ್ ಹತ್ತಿರ. ಕೆಪಾಸಿಟರ್ ತುಂಬುವ ಕರೆಂಟ್ ಒಂದೇ ಸಮನೆ ಹರಿಯುವುದಿಲ್ಲ. ಪ್ರತಿ ಅಲೆಯ ತುದಿಯಲ್ಲಿ ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತದೆ, ಆದ್ದರಿಂದ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಹೊರೆ 225 ವಿಎ (ವೋಲ್ಟ್ ಗುಣಿಸು ಆಂಪ್) ಆಸುಪಾಸಿಗೆ ಹೋಗುತ್ತದೆ. 24-0-24, 5 ಆಂಪ್ ಅಂದರೆ 48 ಗುಣಿಸು 5, 240 ವಿಎ. ಚೀಟಿ ನಿಜವಾಗಿದ್ದರೆ ಅಳತೆಗೆ ಹೊಲಿಸಿದಂತೆ ಹೊಂದುತ್ತದೆ. ಮನೆಯಲ್ಲಿ ಬರೀ ಹಾಡು ಕೇಳುವವರಿಗೆ 160 ವಿಎ ಕೂಡ ಸಾಕು, ಹಾಡಿನ ಸರಾಸರಿ ಕರೆಂಟ್ ಅಷ್ಟು ಕಡಿಮೆ. ಎರಡು ಕೆಜಿಯ ಮಾಲು ವಾಪಸ್ ಬರದೆ ಬಿಕರಿಯಾಗುತ್ತಿರುವುದು ಈ ಒಂದು ಗುಟ್ಟಿನಿಂದಲೇ.

ಈಗ ಆ ರೆಡಿಮೇಡ್ ಇಐ ಮಾಲನ್ನೇ ಕೈಗೆತ್ತಿಕೊಳ್ಳೋಣ. ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಮತ್ತು ಮಲ್ಟಿಮೀಟರ್ ಇರಲಿ. ಇಐ ಕೋರಿನಲ್ಲಿ ಸುತ್ತು ಕೂರುವುದು ಮಧ್ಯದ ಕಾಲಿನ ಮೇಲೆ, ಅದನ್ನು ಟಂಗ್ ಎನ್ನುತ್ತಾರೆ. ಅದು ಬಾಬಿನ್ ಒಳಗೆ ಮುಚ್ಚಿಹೋಗಿರುತ್ತದೆ, ಅಳೆಯಲು ಸಿಗುವುದಿಲ್ಲ. ಆದರೆ ಸಾಮಾನ್ಯ ಇಐ ತಗಡಿನ ಅಳತೆ ಒಂದು ಲೆಕ್ಕಕ್ಕೆ ಬದ್ಧ: ತಗಡಿನ ಉದ್ದನೆಯ ಬದಿ ಟಂಗಿನ ಮೂರು ಪಟ್ಟು. ಹೊರಗಿನ ಉದ್ದ ಅಳೆದು ಮೂರರಿಂದ ಭಾಗಿಸಿದರೆ ಟಂಗ್ ಸಿಕ್ಕಿತು. ತಗಡುಗಳನ್ನು ಒಂದರ ಮೇಲೊಂದು ಪೇರಿಸಿದ ದಪ್ಪ ಸ್ಟ್ಯಾಕ್. ಇವೆರಡನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 1.15ರಿಂದ ಭಾಗಿಸಿ, ಆ ಉತ್ತರವನ್ನು ಅದರಿಂದಲೇ ಗುಣಿಸಿದರೆ ವಿಎ.

ಎರಡು ಕೆಜಿಯದ್ದಕ್ಕೆ ಹಚ್ಚಿ ನೋಡಿ. ಉದ್ದ 9.6 ಸೆಂ.ಮೀ., ಹಾಗಾದರೆ ಟಂಗ್ 3.2. ಸ್ಟ್ಯಾಕ್ 3.5. ಗುಣಿಸಿದರೆ 11.2, 1.15ರಿಂದ ಭಾಗಿಸಿದರೆ 9.74, ಅದರ ವರ್ಗ 95. ಐದು ಆಂಪ್ ಎಂದು ಬರೆದ ಪೆಟ್ಟಿಗೆಯೊಳಗೆ ಇರುವುದು 95 ವಿಎ, ಅಂದರೆ ಎರಡು ಆಂಪ್. ನಾಲ್ಕು ಕೆಜಿಯದ್ದು ಉದ್ದ 11.4, ಟಂಗ್ 3.8, ಸ್ಟ್ಯಾಕ್ 4.7: ಸುಮಾರು 240 ವಿಎ. ಇಷ್ಟಕ್ಕೆ ಎರಡು ನಿಮಿಷ ಸಾಕು. ಅಂಗಡಿಯವರು ಒಂದು ಥರಾ ನೋಡುತ್ತಾರೆ, ನೋಡಲಿ.

ಮುಂದಿನದು ಮೀಟರ್. ಪ್ರೈಮರಿಯ, ಅಂದರೆ ಮೈನ್ಸ್ ಕೊಡುವ ಸುತ್ತಿನ, ಎರಡು ತಂತಿಗಳ ನಡುವೆ ಓಮ್ ಓದಿ. ನಿಜವಾದ 240 ವಿಎ ಇಐ ಆದರೆ 5 ಓಮ್ ಆಸುಪಾಸು ತೋರಿಸಬೇಕು. 15 ತೋರಿಸಿದರೆ ಒಳಗೆ ಕೂದಲೆಳೆ ತಂತಿ. ಸೆಕೆಂಡರಿಯ ಓಮ್ ತೀರಾ ಕಡಿಮೆ, ಸಾದಾ ಮೀಟರಿನ ಓದಿಕೆ ನಂಬುವಂತಿರುವುದಿಲ್ಲ. ಅದರ ಬದಲು ತಂತಿ ಹೊರಬರುವ ತುದಿಯಲ್ಲಿ ವಾರ್ನಿಷ್ ಸ್ವಲ್ಪ ಕೆರೆದು ನೋಡಿ. ಕೆಂಪಗೆ ಹೊಳೆದರೆ ತಾಮ್ರ. ಬೆಳ್ಳಗೆ ಹೊಳೆದು, ಸೋಲ್ಡರ್ ಕೂಡ ಹಿಡಿಯದಿದ್ದರೆ ಅಲ್ಯೂಮಿನಿಯಂ. ಅದೇ ದಪ್ಪದ ಅಲ್ಯೂಮಿನಿಯಂ ತಂತಿಗೆ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ರೆಸಿಸ್ಟೆನ್ಸ್. ಕೆರೆಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ.

ಆ 95 ವಿಎ ಮಾಲಿನಿಂದ ನಿಜಕ್ಕೂ ಐದು ಆಂಪ್ ಎಳೆದರೆ ಏನಾಗುತ್ತದೆ? ಒಳಗಿನ ತಂತಿ 20 ಗೇಜ್ ಎಂದಿಟ್ಟುಕೊಂಡರೆ ಸುತ್ತಿನಲ್ಲೇ ಸುಮಾರು 40 ವ್ಯಾಟ್ ಶಾಖವಾಗಿ ಹೋಗುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಒಂದೂವರೆಯಷ್ಟನ್ನು ಕಾಗದ, ವಾರ್ನಿಷ್ ನಡುವೆ ಹೂತಿಟ್ಟಂತೆ. ಹಾಡು ಕೇಳುವಾಗ ಅಷ್ಟು ದೂರ ಹೋಗುವುದಿಲ್ಲ, ನಿಜ. ಆದರೆ ತಮಟೆಯ ಒಂದು ಪೆಟ್ಟು ಬಿದ್ದಾಗ ವೋಲ್ಟೇಜ್ ಜಗ್ಗುತ್ತದೆ, ಬೇಸ್ ಸೊರಗುತ್ತದೆ, ದನಿ ಒಡೆಯುತ್ತದೆ. ಜನ ಬೋರ್ಡನ್ನು ಬೈದು ಇನ್ನೊಂದು ಬೋರ್ಡ್ ತರುತ್ತಾರೆ. ಒಟ್ಟಿನಲ್ಲಿ ರೆಡಿಮೇಡ್ ಇಐ ಎಂದರೆ ಅಳೆದು ತಂದರೆ ಲಾಭ, ಚೀಟಿ ಓದಿ ತಂದರೆ ನಷ್ಟ. ಎರಡು ಕೆಜಿಯದ್ದನ್ನೇ ‘ಎರಡು ಆಂಪ್’ ಎಂದು ಎರಡು ಆಂಪಿನ ಬೆಲೆಗೆ ಕೊಟ್ಟರೆ ಅದೇನೂ ಕೆಟ್ಟ ಮಾಲಲ್ಲ, ಒಂದು ಚಾನೆಲ್ಲಿಗೆ ಒಂದರಂತೆ ಎರಡು ಹಾಕಿಕೊಳ್ಳಬಹುದು.

ಮೂರರಲ್ಲಿ ನಮ್ಮ ಮೊದಲ ಆಯ್ಕೆ ಹೇಳಿ ಸುತ್ತಿಸಿದ ಇಐ. ವೈಂಡಿಂಗ್ ಮಾಡುವವರು ಬೆಂಗಳೂರಿನಲ್ಲಷ್ಟೇ ಅಲ್ಲ, ಮೋಟಾರು, ಸ್ಟೆಬಿಲೈಸರ್ ರಿಪೇರಿ ನಡೆಯುವ ಹೆಚ್ಚಿನ ಊರುಗಳಲ್ಲಿ ಸಿಗುತ್ತಾರೆ. ‘ಐದು ಆಂಪ್ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದರೆ ಮತ್ತೆ ಅದೇ ಕಥೆ. ಒಂದು ಚೀಟಿಯಲ್ಲಿ ಹೀಗೆ ಬರೆದುಕೊಡಿ: ಟಂಗ್ ಒಂದೂವರೆ ಇಂಚು, ಸ್ಟ್ಯಾಕ್ ಎರಡು ಇಂಚು. ವೋಲ್ಟಿಗೆ 2.2 ಸುತ್ತು. ಪ್ರೈಮರಿ 230 ವೋಲ್ಟಿಗೆ 506 ಸುತ್ತು, 22 ಗೇಜ್ ತಾಮ್ರ. ಸೆಕೆಂಡರಿ ಒಂದೊಂದು ಬದಿಗೆ 57 ಸುತ್ತು, 17 ಗೇಜ್ ತಾಮ್ರ, ನಡುವೆ ಸೆಂಟರ್ ಟ್ಯಾಪ್ (ಸೊನ್ನೆ ತಂತಿ). ಸುತ್ತಿದ ಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಬೇಕು. 24ಕ್ಕೆ 2.2 ಗುಣಿಸಿದರೆ 53 ತಾನೇ ಬರುವುದು, 57 ಯಾಕೆ ಎಂದು ಕೇಳಬಹುದು. ಲೋಡ್ ಬಿದ್ದಾಗ ಇಳಿಯುವ ಎಂಟು ಪರ್ಸೆಂಟ್ ಮೊದಲೇ ಸೇರಿಸಿದ್ದೇವೆ.

ವೋಲ್ಟಿಗೆ 2.2 ಸುತ್ತು ಎನ್ನುವುದರ ಮೇಲೆ ಹಟ ಹಿಡಿಯಿರಿ. ಸುತ್ತು ಕಡಿಮೆಯಾದರೆ ತಾಮ್ರ ಉಳಿಯುತ್ತದೆ, ಆದರೆ ಕಬ್ಬಿಣದೊಳಗಿನ ಮ್ಯಾಗ್ನೆಟಿಕ್ ಫ್ಲಕ್ಸ್ ಏರುತ್ತದೆ. 2.2 ಸುತ್ತಿಗೆ ಈ ಕೋರಿನಲ್ಲಿ ಸುಮಾರು 1.1 ಟೆಸ್ಲಾ. 1.7ಕ್ಕೆ ಇಳಿಸಿದರೆ 1.4 ದಾಟುತ್ತದೆ, ಲೈನ್ 250 ಆದ ದಿನ ಕಬ್ಬಿಣ ತುಂಬಿ ತುಳುಕುತ್ತದೆ. ಲೋಡ್ ಇಲ್ಲದಿದ್ದರೂ ಬಿಸಿ, ಪೆಟ್ಟಿಗೆಯೇ ಗುಂಯ್ ಎನ್ನುತ್ತದೆ, ಸುತ್ತಮುತ್ತ ಸೋರುವ ಮ್ಯಾಗ್ನೆಟಿಕ್ ಫೀಲ್ಡ್ ವಾಲ್ಯೂಮ್ ಕಂಟ್ರೋಲಿನ ತಂತಿಗೆ ಹತ್ತಿಕೊಳ್ಳುತ್ತದೆ. ಸ್ಟೆಬಿಲೈಸರ್ ಸುತ್ತಿ ಸುತ್ತಿ ಕೈ ಕುಳಿತವರಿಗೆ ಕಡಿಮೆ ಸುತ್ತೇ ಅಭ್ಯಾಸ, ಅಲ್ಲಿ ಸ್ವಲ್ಪ ಗುಂಯ್ ಅಂದರೆ ಯಾರೂ ಕೇಳುವುದಿಲ್ಲ. ಆಡಿಯೊದಲ್ಲಿ ಕೇಳುತ್ತದೆ.

ಪ್ರೈಮರಿ, ಸೆಕೆಂಡರಿ ನಡುವೆ ತಾಮ್ರದ ಹಾಳೆಯ ಒಂದು ಶೀಲ್ಡ್ ಹಾಕಿಸಿದರೆ ಫ್ಯಾನ್ ರೆಗ್ಯುಲೇಟರ್, ಮಿಕ್ಸಿ ಚಿಟಚಿಟ ಕಡಿಮೆಯಾಗುತ್ತದೆ. ಹಾಳೆಯ ಎರಡು ತುದಿ ಒಂದಕ್ಕೊಂದು ತಾಗದಂತೆ ಮಧ್ಯೆ ಕಾಗದ ಇರಲೇಬೇಕು. ತಾಗಿದರೆ ಅದು ಒಂದು ಸುತ್ತಿನ ಶಾರ್ಟ್, ಮೊದಲ ಸಲ ಆನ್ ಮಾಡಿದಾಗಲೇ ಹೊಗೆ. ಶೀಲ್ಡಿನಿಂದ ಒಂದೇ ತಂತಿ ತೆಗೆದು ಅರ್ತ್‌ಗೆ ಕೊಡಬೇಕು. ಜೊತೆಗೆ 12 ವೋಲ್ಟ್, ಅರ್ಧ ಆಂಪಿನ ಬೇರೆಯದೇ ಒಂದು ಸುತ್ತು ಹಾಕಿಸಿಕೊಳ್ಳಿ. ಬ್ಲೂಟೂತ್ ಬೋರ್ಡು, ಫ್ಯಾನು ಆಮೇಲೆ ನೆನಪಾಗುವ ವಸ್ತುಗಳು.

ಟೊರಾಯ್ಡಿಗೆ ಬಂದರೆ, ಅದೇ 240 ವಿಎಗೆ ಇಐ ನಾಲ್ಕು ಕೆಜಿ ತೂಗುವಲ್ಲಿ ಇದು ಎರಡೂಕಾಲು ಕೆಜಿ ಆಸುಪಾಸು. ಚಪ್ಪಟೆ, ಸೋರುವ ಫೀಲ್ಡ್ ಕಡಿಮೆ, ಸಣ್ಣ ಕ್ಯಾಬಿನೆಟ್ಟಿಗೆ ಇದಕ್ಕಿಂತ ಸರಿಯಾದದ್ದಿಲ್ಲ. ದುಡ್ಡು ಹೆಚ್ಚು. ಇಲ್ಲಿ ಕೋರ್ ಅಳೆಯಲು ಆಗುವುದಿಲ್ಲ, ತೂಕವೇ ಸಾಕ್ಷಿ. 300 ವಿಎ ಎಂದು ಹೇಳಿ ಒಂದೂವರೆ ಕೆಜಿ ಇದ್ದರೆ ಸುಮ್ಮನೆ ನಕ್ಕು ಹೊರಬನ್ನಿ.

ಟೊರಾಯ್ಡ್ ಕೆಟ್ಟುಹೋಗುವುದಕ್ಕಿಂತ ಕೂರಿಸುವಾಗ ಕೆಡಿಸುವುದೇ ಹೆಚ್ಚು. ನಡುವಿನ ತೂತಿನಲ್ಲಿ ಹಾದುಹೋಗುವ ಬೋಲ್ಟಿನ ಕೆಳತುದಿ ಕ್ಯಾಬಿನೆಟ್ಟಿನ ತಳಕ್ಕೆ ಬಿಗಿದಿರುತ್ತದೆ. ಮೇಲಿನ ತುದಿ ಮುಚ್ಚಳದ ತಗಡಿಗೆ ತಾಗಿತೋ, ಬೋಲ್ಟು, ಮುಚ್ಚಳ, ಪಕ್ಕದ ತಗಡು, ತಳ ಎಲ್ಲ ಸೇರಿ ಕೋರಿನ ಸುತ್ತ ಒಂದು ಶಾರ್ಟ್ ಆದ ಸುತ್ತು. ಮುಚ್ಚಳ ತೆಗೆದಾಗ ಸರಿಯಿದ್ದು ಮುಚ್ಚಿದ ಕೂಡಲೇ ಫ್ಯೂಸ್ ಹಾರುವ ಆಂಪ್ಲಿಫೈಯರ್ ಕಂಡರೆ ಮೊದಲು ನೋಡಬೇಕಾದ್ದು ಈ ಬೋಲ್ಟನ್ನು. ಬೋಲ್ಟಿಗೂ ಮುಚ್ಚಳಕ್ಕೂ ಕನಿಷ್ಠ ಒಂದು ಸೆಂಟಿಮೀಟರ್ ಬಿಡಿ. ಮೇಲೆ ಕೆಳಗೆ ರಬ್ಬರ್ ಬಿಲ್ಲೆ ಹಾಕಿ, ಸ್ಪ್ಯಾನರಿನಲ್ಲಿ ಜಗ್ಗಿ ಬಿಗಿಯಬೇಡಿ, ಒಳಗಿನ ಸುತ್ತು ಜಜ್ಜಿಹೋಗುತ್ತದೆ.

ಹೊರದೇಶದ ಮಾಲಾದರೆ ಪ್ರೈಮರಿ 0-115, 0-115 ಎಂದು ಎರಡು ಭಾಗವಾಗಿ ಬರುತ್ತದೆ. ನಮ್ಮ 230ಕ್ಕೆ ಅವೆರಡೂ ಸೀರೀಸ್‌ನಲ್ಲಿ ಇರಬೇಕು. ಪ್ಯಾರಲಲ್ ಕೊಟ್ಟರೆ ಫ್ಯೂಸೇ ಗತಿ. ಸೆಕೆಂಡರಿಯೂ ಹಾಗೆಯೇ 0-25, 0-25 ಎಂದು ಬಿಡಿಬಿಡಿಯಾಗಿದ್ದರೆ ಒಂದರ ಕೊನೆ, ಇನ್ನೊಂದರ ಆರಂಭ ಸೇರಿಸಿ ಹೊರತುದಿಗಳ ನಡುವೆ ಅಳೆಯಿರಿ. 50 ಬಂದರೆ ಸೇರಿಸಿದ ಜಾಗವೇ ಸೆಂಟರ್ ಟ್ಯಾಪ್. ಸೊನ್ನೆ ಬಂದರೆ ಒಂದು ಸುತ್ತು ತಿರುಗುಮುರುಗಾಗಿದೆ, ತಂತಿ ಅದಲುಬದಲು ಮಾಡಿ. ತಂತಿಯ ಬಣ್ಣ ನಂಬುವುದು ಬೇಡ, ಮೀಟರ್ ನಂಬಿ. ಆನ್ ಮಾಡಿದ ಕ್ಷಣ ಟೊರಾಯ್ಡ್ ಎಳೆಯುವ ಕರೆಂಟ್ ಜೋರು, ಆದ್ದರಿಂದ ಪ್ರೈಮರಿಗೆ 2 ಆಂಪಿನ ಸ್ಲೋ ಬ್ಲೋ (ಕ್ಷಣದ ಏರಿಕೆಗೆ ಹಾರದ) ಫ್ಯೂಸೇ ಬೇಕು. 300 ವಿಎ ಮೇಲಾದರೆ ಸಾಫ್ಟ್ ಸ್ಟಾರ್ಟ್ (ಕರೆಂಟನ್ನು ನಿಧಾನ ಏರಿಸುವ ಸರ್ಕ್ಯೂಟ್) ಅಥವಾ 10 ಓಮಿನ ಎನ್‌ಟಿಸಿ (ಬಿಸಿಯಾದಂತೆ ಓಮ್ ಇಳಿಯುವ ರೆಸಿಸ್ಟರ್) ಸೀರೀಸ್‌ನಲ್ಲಿ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಎರಡೂ ಬಗೆಯ ಟ್ರಾನ್ಸ್‌ಫಾರ್ಮರ್ ಕರಕರ ಅನ್ನುತ್ತವೆ, ಅದು ಅವುಗಳ ತಪ್ಪಲ್ಲ.

ಗುಜರಿಯಿಂದ ತರುವುದರಲ್ಲಿ ಎರಡು ಅಪಾಯ. ಹಳೆ ಕಂಪ್ಯೂಟರ್ ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರ್ ನೋಡಲು ಭಾರಿ, ಆದರೆ ಅದನ್ನು ಸುತ್ತಿರುವುದು ಹತ್ತು ಹದಿನೈದು ನಿಮಿಷದ ಬ್ಯಾಕಪ್ಪಿಗೆ. ದಿನವಿಡೀ ಓಡಿಸಿದರೆ ಕಾದ ಕಾವಲಿ. ಎರಡನೆಯದು ಜೀವಕ್ಕೇ ಬರುವಂಥದ್ದು: ಸ್ಟೆಬಿಲೈಸರಿನದ್ದು ಆಟೊ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಮೈನ್ಸಿಗೂ ಔಟ್‌ಪುಟ್ಟಿಗೂ ಒಂದೇ ಸುತ್ತು, ಸ್ಪೀಕರ್ ಟರ್ಮಿನಲ್ ಮುಟ್ಟಿದರೂ ಶಾಕ್. ಯಾವ ಹಳೆ ಟ್ರಾನ್ಸ್‌ಫಾರ್ಮರ್ ಆದರೂ ಪ್ರೈಮರಿ, ಸೆಕೆಂಡರಿ ನಡುವೆ ಮತ್ತು ಪ್ರೈಮರಿ, ಕೋರಿನ ನಡುವೆ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ಅಲ್ಲೇ ಬಿಟ್ಟುಬನ್ನಿ.

ಕಾರ್ ಸ್ಟೀರಿಯೊದ ಎಲ್‌ಎ4440 ಬೋರ್ಡಿಗೆ 12-0-12 ಹಾಕುವ ರೂಢಿಯೂ ಸರಿಯಲ್ಲ. ಆ ಐಸಿಗೆ ಕೆಲಸದ ಮಿತಿ 18 ವೋಲ್ಟ್. ಲೋಡಿಲ್ಲದಾಗ 13.5 ಕೊಡುವ ಸೆಕೆಂಡರಿಯಿಂದ ಕೆಪಾಸಿಟರಿಗೆ ಬರುವುದೇ 18ಕ್ಕಿಂತ ಹೆಚ್ಚು. ಅದಕ್ಕೆ 9-0-9 ಸಾಕು. ಟಿಪಿಎ3116ರಂಥ ಕ್ಲಾಸ್ ಡಿ ಬೋರ್ಡಿಗಾದರೆ ಟ್ರಾನ್ಸ್‌ಫಾರ್ಮರೇ ಬೇಡ, 24 ವೋಲ್ಟಿನ ಒಳ್ಳೆ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ತನ್ನಿ. ಅದರ ಮಿತಿ 26 ವೋಲ್ಟ್ ಎಂಬುದು ನೆನಪಿರಲಿ.

ಮನೆಗೆ ತಂದ ಮೇಲೆ ಬೋರ್ಡಿಗೆ ಜೋಡಿಸುವ ಮೊದಲು, 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬನ್ನು ಪ್ರೈಮರಿಗೆ ಸೀರೀಸ್‌ನಲ್ಲಿ ಕೊಟ್ಟು ಆನ್ ಮಾಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಒಮ್ಮೆ ಮಿಂಚಿ ಆರಿದರೆ ಅಥವಾ ತಂತಿ ತುಸು ಕೆಂಪಗಾದರೆ ಸರಿ, ಧಗಧಗ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಆಮೇಲೆ ಬಲ್ಬ್ ತೆಗೆದು, ಲೋಡಿಲ್ಲದೆ ಒಂದು ಗಂಟೆ ಬಿಡಿ. ಬೆಚ್ಚಗಾದರೆ ಒಳ್ಳೆಯದು. ಕೈ ಇಡಲು ಆಗದಿದ್ದರೆ ಸುತ್ತು ಕಡಿಮೆ ಹಾಕಿದ್ದಾರೆ, ಬದಲಾಯಿಸಿಕೊಳ್ಳಿ.

ಬ್ರಿಡ್ಜಿಗೆ ಕೆಬಿಪಿಸಿ2510 ಅಥವಾ 3510 ಹಾಕಿ, ತಳದ ತಗಡಿಗೆ ಬಿಗಿಯಿರಿ. ಒಂದೊಂದು ಬದಿಗೆ 10,000 ಮೈಕ್ರೊಫ್ಯಾರಡ್, 50 ವೋಲ್ಟ್, ಸಿಕ್ಕರೆ 63. ಕೆಪಾಸಿಟರ್ ಮೇಲೆ 2.2 ಕಿಲೊ ಓಮ್, 2 ವ್ಯಾಟಿನ ರೆಸಿಸ್ಟರ್ ಇದ್ದರೆ ಆಫ್ ಮಾಡಿದ ಒಂದೆರಡು ನಿಮಿಷದಲ್ಲಿ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್ಟಿಗೆ ಮೂರು ಪಿನ್ನಿನ ಅರ್ತ್ ತಂತಿ ಬೋಲ್ಟ್ ಹಾಕಿ ಬಿಗಿಯುವುದನ್ನು ಯಾವ ಕಾರಣಕ್ಕೂ ಬಿಡಬಾರದು.

ಇಷ್ಟಾದ ಮೇಲೂ ಸ್ಪೀಕರಿನಲ್ಲಿ ಸದ್ದು ಬಂದರೆ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಅಂಗಡಿಗೆ ಓಡುವ ಮೊದಲು ಕಿವಿಗೊಡಿ. ದಪ್ಪನೆಯ, ಮೆತ್ತನೆಯ ‘ಗುಂ’ ಆದರೆ 50 ಹರ್ಟ್ಸ್, ಟ್ರಾನ್ಸ್‌ಫಾರ್ಮರಿನ ಫೀಲ್ಡ್ ಇನ್‌ಪುಟ್ ತಂತಿಗೆ ಹತ್ತುತ್ತಿದೆ. ಅದರ ಬೋಲ್ಟ್ ಸಡಿಲಿಸಿ, ಆನ್ ಇಟ್ಟುಕೊಂಡೇ ಒಣ ಮರದ ತುಂಡಿನಿಂದ ನಿಧಾನ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಸದ್ದು ಅಡಗುತ್ತದೆ, ಅಲ್ಲೇ ಬಿಗಿಯಿರಿ. ಒರಟಾದ ‘ಜ್ಝ್’ ಆದರೆ 100 ಹರ್ಟ್ಸ್, ತಪ್ಪು ಗ್ರೌಂಡ್ ವೈರಿಂಗಿನದು. ಬೋರ್ಡಿನ ಗ್ರೌಂಡನ್ನು ಸೆಂಟರ್ ಟ್ಯಾಪ್ ತಂತಿಯಿಂದ ತೆಗೆದಿದ್ದರೆ ಕಿತ್ತು, ಎರಡು ಕೆಪಾಸಿಟರ್ ಸೇರುವ ಜಾಗದ ಆಚೆ, ಬೋರ್ಡಿನ ಕಡೆಯ ಬದಿಯಿಂದ ತೆಗೆಯಿರಿ.